ಗೊಬ್ಬರ ತೊಳೆಯುವ ಬಗೆ

ನಗಬೇಡ ವಾರಿಜಾ, ಇಲ್ಲಿ ಗೊಬ್ಬರವನ್ನೂ ತೊಳೆಯಬೇಕು.
ಕುರಿಹಿಕ್ಕೆಯ ಚೀಲ ಬಿಚ್ಚಿದರೆ ಒಳಗೆ ಅರ್ಧ ಉಪ್ಪು.
ಹಾಗೇ ಸುರಿದೆಯೋ, ಹರಿವೆಯ ಅಂಚು
ಬೀಡಿ ತಾಗಿದ ಹಾಗೆ ಕಂದುತ್ತದೆ.
ಬಕೆಟಿನಲ್ಲಿ ನೆನೆಸು, ಸಂಜೆ ಬಸಿ, ಮತ್ತೆ ನೆನೆಸು.
ಮೂರನೇ ನೀರು ತೆಳು ಚಹಾದ ಬಣ್ಣಕ್ಕೆ ಬಂದರೆ ಸಾಕು.
ಮೊದಲ ವರ್ಷ ನಾನು ತೊಳೆಯಲಿಲ್ಲ.
ಹನ್ನೆರಡು ಬದನೆ ಸಸಿ. ಲೆಕ್ಕ ಇನ್ನೂ ನೆನಪಿದೆ.

ಕುಂಡಕ್ಕೆ ದುಡ್ಡು ಹಾಕಬೇಡ. ಈ ಮುಹರ್ರಕ್ಕಿನಲ್ಲಿ
ಎಲ್ಲಾದರೊಂದು ಗೋಡೆಗೆ ಬಣ್ಣ ಬಳಿಯುತ್ತಲೇ ಇರುತ್ತಾರೆ,
ಕೇಳಿದರೆ ಖಾಲಿ ಬಕೆಟ್ ಕೊಡುತ್ತಾರೆ.
ಸ್ಕ್ರೂಡ್ರೈವರ್ ಒಲೆಯ ಮೇಲೆ ಕಾಯಿಸಿ ತಳಕ್ಕೆ ಐದು ತೂತು.
ಕಿಟಕಿ ತೆರೆದಿಡು.
ಒಮ್ಮೆ ಹೊಗೆಗೆ ಅಲಾರಂ ಕೂಗಿ
ಇಡೀ ಕಟ್ಟಡ ನೈಟಿ ಲುಂಗಿಗಳಲ್ಲಿ ಕೆಳಗಿಳಿದಿತ್ತು,
ನನ್ನ ದೆಸೆಯಿಂದ.

ಬೀಜ ಹಾಕುವುದು ಅಕ್ಟೋಬರಿಗೆ. ಅವಸರಪಟ್ಟು
ಆಗಸ್ಟಿನಲ್ಲಿ ಹಾಕಿದವರು ಹುರಿಗಡಲೆ ಮಾಡಿದ್ದಾರೆ.
ನಲ್ಲಿಯನ್ನೂ ನಂಬಬೇಡ.
ಮೇ ಬಂತೆಂದರೆ ತಾರಸಿಯ ಟ್ಯಾಂಕೇ ಬಚ್ಚಲ ಹಂಡೆ,
ಉರಿ ಹಾಕುವವರು ಬೇಡ.
ಆ ನೀರು ಬಿದ್ದರೆ ಬೇರು ಪಲ್ಯವಾದೀತು.
ರಾತ್ರಿ ಹಿಡಿದಿಟ್ಟದ್ದನ್ನು ಬೆಳಗಿನ ಬಾಂಗಿಗೆ ಮುಂಚೆ ಹಾಕು.
ಇನ್ನೂ ಒಳ್ಳೆಯದು ಏಸಿಯ ನೀರು:
ಪೈಪಿನ ಬಾಯಿಗೆ ದೊಡ್ಡ ಲಬನ್ ಡಬ್ಬ ಇಡು,
ಸೆಕೆಯ ರಾತ್ರಿ ಎರಡು ತುಂಬುತ್ತದೆ.
ಉಪ್ಪಿಲ್ಲ, ಸುಣ್ಣವಿಲ್ಲ.
ಅದು ನಮ್ಮದೇ ಬೆವರು, ನಮ್ಮದೇ ಉಸಿರು
ಎನ್ನುತ್ತಾನೆ ಲಿಗೋರಿ, ಏಸಿ ಬಿಚ್ಚುವುದೇ ಅವನ ಕಸುಬು.
ಇರಲಿ. ಬಸಳೆ ಕುಲಗೋತ್ರ ಕೇಳುವುದಿಲ್ಲ.

ಬಿಳಿನೊಣಕ್ಕೆ ಎಲೆ ಮಗುಚಿ ನೋಡಬೇಕು,
ಮೇಲೆ ನೋಡಿದರೆ ಎಲ್ಲ ಕ್ಷೇಮ.
ಲೀಟರು ನೀರಿಗೆ ಬೇವಿನೆಣ್ಣೆ ಒಂದು ಚಮಚ,
ಪಾತ್ರೆ ಸೋಪು ನಾಲ್ಕು ಹನಿ, ಚೆನ್ನಾಗಿ ಕುಲುಕಿ
ಹೊತ್ತು ಮುಳುಗಿದ ಮೇಲೆಯೇ ಸಿಂಪಡಿಸು.
ಹಿಟ್ಟುತಿಗಣೆಗೆ ಹಳೆಯ ಟೂತ್‌ಬ್ರಷ್
(ಹಳೆಯದು ಯಾವುದು ಎಂದು ಮೊದಲು ಗಂಡನನ್ನು ಕೇಳು).
ಶಮಾಲ್ ಬೀಸಿ ನಿಂತ ಮಾರನೇ ದಿನ
ಎಲೆಗಳಿಗೆಲ್ಲ ಸ್ನಾನ. ಧೂಳು ಕೂತರೆ ಗಿಡ ಮಂಕಾಗುತ್ತದೆ.

ಮತ್ತೆ, ಕುಂಡದಡಿ ತಟ್ಟೆ. ಮರೆಯಬೇಡ.
ನಮ್ಮ ಕೆಳಗಿನ ಬಾಲ್ಕನಿ ಉಮ್ ಜಾಸಿಮಳದು,
ಅಲ್ಲಿ ಒಣಗುವ ಬಿಳಿ ತೋಬುಗಳ ಮೇಲೆ
ನನ್ನ ಗೊಬ್ಬರದ ನೀರು ನಕ್ಷೆ ಬರೆದಿತ್ತು.
ಹಾರಿಸ್ ಗುಲ್‌ಜಮಾನ್ ಮೇಲೆ ಬಂದು
ಒಂದೂ ಮಾತಾಡದೆ ಆ ತೋಬನ್ನು ಎತ್ತಿ ಹಿಡಿದ.
ಪುದೀನದ ಕಟ್ಟು ಹಿಡಿದು ಕೆಳಗಿಳಿದೆ, ನನಗೆ ಬರುವ ಅರಬ್ಬಿ
ಒಟ್ಟು ಒಂಬತ್ತು ಶಬ್ದ, ಅದರಲ್ಲಿ ಕ್ಷಮೆ ಇಲ್ಲ.
ಅವಳು ಪುದೀನ ಮೂಸಿದಳು. ಬಾಗಿಲು ಹಾಕಿದಳು.
ಮೂರನೇ ದಿನ ಕಾಗದದ ಪೊಟ್ಟಣ ಬಂತು, ಜರ್ಜೀರ್ ಬೀಜ,
ಜೊತೆಗೆ ನನ್ನ ಅಳತೆಗೇ ತಂದಂತಿದ್ದ
ಆರು ಪ್ಲಾಸ್ಟಿಕ್ ತಟ್ಟೆ.

ಕರಿಬೇವಿನ ವಿಷಯ ನನ್ನನ್ನು ಕೇಳಬೇಡ.
ಐದು ವರ್ಷ, ಒಂದು ಗೇಣು.

ಇನ್ನು ಹೀರೆ. ನಮ್ಮ ನಾಲ್ಕನೇ ಮಹಡಿಗೆ
ಜೇನು ಹತ್ತಿ ಬಂದದ್ದು ನಾನು ಕಾಣೆ, ಕೆಲಸ ನಮ್ಮದೇ.
ಹೂ ಅರಳುವುದು ಸಂಜೆ, ಬೀದಿ ದೀಪ ಹತ್ತುವ ಹೊತ್ತಿಗೆ.
ಬೆನ್ನಿಗೆ ಬೆರಳಷ್ಟು ಮಿಡಿ ಅಂಟಿಕೊಂಡದ್ದು ಹೆಣ್ಣು,
ಗೊಂಚಲಲ್ಲಿ ಬರುವವು ಗಂಡು.
ಸಣ್ಣ ಬ್ರಷ್ಷಿನಲ್ಲಿ ಗಂಡಿನ ಪುಡಿ ಸವರಿ ಹೆಣ್ಣಿಗೆ ಮುಟ್ಟಿಸು,
ಮೆಲ್ಲಗೆ, ಮಗುವಿನ ಕಣ್ಣಿಗೆ ಕಾಡಿಗೆ ತೀಡುವಂತೆ.
ಆ ಹೊತ್ತಿಗೆ ಲಿಗೋರಿ ಒಳಗೆ ಹೋಗಿ ಟಿವಿ ಹಾಕುತ್ತಾನೆ,
ಅವನಿಗೆ ನಾಚಿಕೆ.
ಮೊದಲ ಸಲ ಮೂರು ಮಿಡಿ, ಎರಡು ಹಳದಿಯಾಗಿ ಉದುರಿದವು.
ಉಳಿದ ಒಂದರ ಸಿಪ್ಪೆಯ ಚಟ್ನಿ
ಮೂವರಿಗೆ ಒಂದೊಂದು ಚಮಚ.

ತಗೋ, ಜೆನಿಶಾಳ ಡ್ರಾಯಿಂಗ್ ಬ್ರಷ್, ನಂಬರ್ ಎರಡು.
ಭಾನುವಾರದೊಳಗೆ ವಾಪಸ್ ಬೇಕು, ತೊಳೆದು ಕೊಡು.
ನಾನು ತೊಳೆಯದೆ ಇಟ್ಟಿದ್ದೆ,
ಕಳೆದ ವಾರ ಅವಳ ಸಮುದ್ರ
ಹಳದಿಯಾಗಿತ್ತು.